ಬರೆದ ಸಿನಿಮಾಕ್ಕೆ ಗುಡಾರ ತುಂಬಿದ್ದು

ಗುಡಾರ ಸಿನಿಮಾದಲ್ಲಿ ಮೆಷಿನ್ ತಿರುಗಿಸುವವನಿಗೆ ಪರದೆಯ ಮೇಲೆ ನಗು ಸಿಗದಿದ್ದರೂ ಪರದೆಯ ಈಚೆಗೆ ಸಿಕ್ಕಿಯೇ ಸಿಗುತ್ತದೆ, ಅದೂ ಟಿಕೆಟಿಲ್ಲದೆ.

ಐವತ್ತರ ದಶಕದ ಕೊನೆಗೆ ನಾನು ಪುತ್ತೂರು, ಕಡಬ, ಸುಳ್ಯ ಎಂದು ಸುತ್ತುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ನಮ್ಮ ಧಣಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದ ಒಂದೇ ಹುಚ್ಚು ಬರೆದ ಸಿನಿಮಾ, ಅಂದರೆ ಕಾರ್ಟೂನು. ಪರದೇಶದ ಒಂದು ದೊಡ್ಡ ಕಂಪೆನಿ ಚಿತ್ರ ಬರೆದು ಬರೆದೇ ಇಡೀ ಸಿನಿಮಾ ಮಾಡುತ್ತಿತ್ತು. ಅದರಲ್ಲಿ ಹೆಸರು ಮಾಡಿದವು ಮದ್ರಾಸಿನಲ್ಲೇ ಓಡಿ ಸವೆದು ಹೋಗುತ್ತಿದ್ದವು. ಯಾರೂ ತಿರುಗಿ ನೋಡದವು ಮಂಗಳೂರಿನ ಏಜೆಂಟರ ಕೋಣೆಯಲ್ಲಿ ಧೂಳು ತಿಂದು ನಮ್ಮ ಗುಡಾರಕ್ಕೆ ಬರುತ್ತಿದ್ದವು. ರೀಲಿನಲ್ಲಿ ಒಂದು ಗೀರು ಸಹ ಇರುತ್ತಿರಲಿಲ್ಲ. ನೋಡುವವರೇ ಇಲ್ಲದಿದ್ದರೆ ಗೀರು ಬೀಳುವುದಾದರೂ ಹೇಗೆ?

ಆ ವರ್ಷ ಬಂದದ್ದು ಒಂದು ಕರಡಿಯ ಕಥೆ. ಕರಡಿ ಗುಹೆ ಬಿಟ್ಟು ತಿರುಗಾಡಲು ಹೋಗುತ್ತದೆ. ವಾಪಸು ಬರುವಷ್ಟರಲ್ಲಿ ಒಂದು ಬಾತುಕೋಳಿ ಅಲ್ಲಿ ಮೊಟ್ಟೆ ಇಟ್ಟು ಕೂತಿರುತ್ತದೆ. ಎಷ್ಟು ಚೆಂದ ಬರೆದಿದ್ದರೆಂದರೆ ಕರಡಿಯ ಮೈ ಮೇಲಿನ ರೋಮ ಗಾಳಿಗೆ ಅಲ್ಲಾಡುವುದು ಕಾಣುತ್ತಿತ್ತು. ಧಣಿ ಅದನ್ನು ಮೆಷಿನ್ನಿನ ಪಕ್ಕ ನಿಂತು ಮಗುವಿನ ಹಾಗೆ ನೋಡುತ್ತಿದ್ದರು. ಅವರ ಭಾವ ಟಾಕೀಸಿನಲ್ಲಿ ಪಾಲುದಾರರು. ಅವರಿಗೆ ಕರಡಿಯ ರೋಮ ಕಾಣುತ್ತಿರಲಿಲ್ಲ, ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತು. ಅವರು ಕಡ್ಡಿ ಮುರಿದ ಹಾಗೆ ಹೇಳಿದರು: ಮಳೆಗೆ ಗುಡಾರ ಬಿಚ್ಚುವುದರೊಳಗೆ ಈ ಸಿನಿಮಾಕ್ಕೆ ಒಂದೇ ಒಂದು ಆಟ ಗುಡಾರ ತುಂಬಬೇಕು, ಇಲ್ಲವಾದರೆ ಮುಂದಿನ ವರ್ಷದಿಂದ ಬರೆದ ಸಿನಿಮಾದ ಪೆಟ್ಟಿಗೆ ಈ ಗುಡಾರದೊಳಗೆ ಬರಕೂಡದು. ಧಣಿ ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ನನಗೂ ಬೇಸರವಾಯಿತು, ಕರಡಿ ನನಗೂ ಇಷ್ಟವೇ.

ಜನ ಇಲ್ಲದ ಸಿನಿಮಾ

ಮೊದಲು ಪುತ್ತೂರು. ಮೈಕು ಕಟ್ಟಿದ ಬಾಡಿಗೆ ಕಾರಿನಲ್ಲಿ ಊರು ಸುತ್ತಿ ಕೂಗುವ ಪ್ರಚಾರದವನಿಗೆ ಧಣಿ ಇಡೀ ಬೆಳಿಗ್ಗೆ ಪಾಠ ಹೇಳಿದರು. ಇದರಲ್ಲಿ ಪಾತ್ರ ಮಾಡಿದ್ದು ಮನುಷ್ಯರಲ್ಲ, ಎಲ್ಲವೂ ಕೈಯಲ್ಲಿ ಬರೆದದ್ದು, ಇಂಥ ಅದ್ಭುತ ಬೇರೆಲ್ಲೂ ಇಲ್ಲ, ಹೀಗೆ. ಪ್ರಚಾರದವನಿಗೆ ಉದ್ದ ಮಾತು ಆಗುತ್ತಿರಲಿಲ್ಲ. ಅವನು ಎಲ್ಲವನ್ನೂ ಎರಡೇ ಮಾತಿಗೆ ಇಳಿಸಿ ಸಂತೆಯ ನಡುವೆ ಕೂಗಿದ: "ಬನ್ನಿ, ನೋಡಿ. ನಮ್ಮ ಈ ಸಿನಿಮಾದಲ್ಲಿ ಜನ ಇಲ್ಲ. ಒಬ್ಬನೇ ಒಬ್ಬ ಜನ ಇಲ್ಲ."

ಸಂತೆಗೆ ಬಂದವರು ಕಾರನ್ನು ಕನಿಕರದಿಂದ ನೋಡಿದರು. ಒಣಮೀನಿನ ವ್ಯಾಪಾರದ ಬ್ಯಾರಿ ಸಾಹುಕಾರರೊಬ್ಬರು ಹತ್ತಿರ ಬಂದು, ವ್ಯಾಪಾರಸ್ಥರು ವ್ಯಾಪಾರಸ್ಥರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು, "ಜನ ಇಲ್ಲದ್ದು ಹೌದು ಮಾರಾಯ. ಆದರೆ ಅದನ್ನು ಮೈಕಿನಲ್ಲಿ ಹೇಳುದು ಎಂತಕ್ಕೆ?"

ಹೀರೋಯಿನ್

ಕಡಬದಲ್ಲಿ ಡೇರೆ ಹಾಕಿದಾಗ ನೆಲ್ಯಾಡಿ ಕಡೆಯಿಂದ ಒಬ್ಬರು ರಬ್ಬರ್ ತೋಟದವರು ಹೆಂಡತಿ ಮಕ್ಕಳ ಸಮೇತ ಬಸ್ಸಿಳಿದು ಬಂದರು. ಕೇರಳದಿಂದ ಬಂದು ನೆಲೆ ನಿಂತವರು, ಸಿನಿಮಾ ಎಂದರೆ ಪ್ರಾಣ. ಒಂದು ಕುಟುಂಬವಾದರೂ ಬಂತಲ್ಲ ಎಂದು ಧಣಿಯೇ ಎದ್ದು ಹೋಗಿ ಮಾತಾಡಿಸಿದರು. ಅವರು ಹೀರೋ ಯಾರೆಂದು ಕೇಳಿದರು. ಕರಡಿ ಎಂದರು ಧಣಿ. ಅದಾದರೂ ಆಗಬಹುದು ಎನ್ನುವ ಮುಖ ಮಾಡಿ, ಹೀರೋಯಿನ್ ಯಾರೆಂದು ಕೇಳಿದರು. ಧಣಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬಾತುಕೋಳಿ ಎಂದರು.

ತೋಟದವರು ಹೆಂಡತಿಯ ಮುಖ ನೋಡಿದರು. "ನಡಿ, ಮನೆಗೆ ಹೋಗುವ. ನಮ್ಮಲ್ಲಿ ಗೂಡು ತುಂಬ ಹೀರೋಯಿನ್ ಉಂಟು, ಯಾವುದಕ್ಕೂ ಇನ್ನೂ ತವುಡು ಹಾಕಿ ಆಗಲಿಲ್ಲ."

ಡ್ರಾಯಿಂಗ್ ಮಾಸ್ತರರು

ಕಡೆಯ ಬಿಡಾರ ಸುಳ್ಯ. ಮೊದಲ ದಿನ ಬಂದ ನಾಲ್ಕಾರು ಜನರಲ್ಲಿ ಒಬ್ಬರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಅವರು ಕಣ್ಣು ಮಿಟುಕಿಸದೆ ನೋಡುವುದನ್ನು ಕಂಡು ಧಣಿಗೆ ಜೀವ ಬಂತು. ಇಷ್ಟು ಕಾಲಕ್ಕೆ ಒಬ್ಬ ಕಲೆ ಬಲ್ಲವರು ಸಿಕ್ಕಿದರಲ್ಲ ಎಂದು ಅವರೇ ಹೋಗಿ ಸೋಡಾ ಕೊಟ್ಟರು. ಮಾಸ್ತರರು ಸೋಡಾ ಮುಗಿಸಿ, ನಾಳೆ ಒಂಬತ್ತನೇ ಕ್ಲಾಸನ್ನು ಪೂರ್ತಿ ಕರೆದುಕೊಂಡು ಬರುತ್ತೇನೆ, ಮಕ್ಕಳು ಇದನ್ನು ನೋಡಲೇಬೇಕು ಎಂದರು. ಧಣಿಯ ಕಣ್ಣು ತುಂಬಿ ಬಂತು. ಗುಡಾರದ ಅರ್ಧ ಅಲ್ಲಿಗೇ ತುಂಬಿದ ಲೆಕ್ಕ.

ಮರುದಿನ ಮಕ್ಕಳು ಸಾಲಾಗಿ ಬಂದು ಹೊಯಿಗೆಯ ಮೇಲೆ, ಅಂದರೆ ಕಡಿಮೆ ಟಿಕೆಟಿನವರಿಗೆ ಹಾಸಿದ ಮರಳಿನ ಮೇಲೆ, ಕೂತರು. ಕರಡಿ ಪರದೆಗೆ ಬಂದದ್ದೇ ಮಾಸ್ತರರು ಎದ್ದು ನಿಂತು ಬೆತ್ತ ತೋರಿಸಿದರು. "ನೋಡಿ ಮಕ್ಕಳೇ, ಹಿಂಗಾಲು ನೋಡಿ, ಕಿವಿ ನೋಡಿ. ಪರೀಕ್ಷೆಯಲ್ಲಿ ಯಾರಾದರೂ ಕರಡಿಯನ್ನು ಹೀಗೆ ಬರೆದರೆ ಸೊನ್ನೆ."

ಅರ್ಥ

ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಗುಡಾರ ಬಿಚ್ಚುವುದಕ್ಕೆ ಇನ್ನೊಂದೇ ದಿನ ಎಂದರು ಭಾವ. ಆಗ ಧಣಿಯ ತಲೆಗೆ ಒಂದು ವಿಚಾರ ಹೊಳೆಯಿತು. ಸಿನಿಮಾದಲ್ಲಿ ಮಾತೇ ಇಲ್ಲದ್ದರಿಂದ ತಾನೇ ಜನ ಬರುವುದಿಲ್ಲ? ನಮ್ಮಲ್ಲಿ ತಾಳಮದ್ದಳೆ ಉಂಟಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುವುದು. ಜನ ಅದನ್ನು ಬೆಳಗಿನ ತನಕ ಕೇಳುತ್ತಾರೆ. ಸುಳ್ಯದಲ್ಲೇ ಹೆಸರಾದ ಇಬ್ಬರನ್ನು ಧಣಿ ಕೈ ಮುಗಿದು ಒಪ್ಪಿಸಿದರು. ಒಬ್ಬರು ದೊಡ್ಡ ಜಮೀನುದಾರರು, ಗುಡುಗಿನ ಸ್ವರ, ಅವರಿಗೆ ಕರಡಿ. ಇನ್ನೊಬ್ಬರು ಗೇಣಿಗೆ ಗದ್ದೆ ಮಾಡುತ್ತಿದ್ದವರು, ಮಾತಿಗೆ ಮಾತು ಕೊಡುವುದರಲ್ಲಿ ಎತ್ತಿದ ಕೈ, ಅವರಿಗೆ ಬಾತುಕೋಳಿ.

ಸಂಜೆಯ ಆಟಕ್ಕೆ ಆಲೆಟ್ಟಿಯಿಂದ, ಕೊಲ್ಲಮೊಗ್ರಿನಿಂದ ಜನ ಬಂದರು. ಕುರ್ಚಿಯಲ್ಲಿ ಭೂಮಿ ಇದ್ದವರು, ಹೊಯಿಗೆಯಲ್ಲಿ ಗೇಣಿಯವರು, ಕಾಲಿಡಲು ಜಾಗ ಇಲ್ಲ. ಧಣಿ ಗೇಟಿನಲ್ಲಿ ನಿಂತು ಹಲ್ಲು ಬಿಟ್ಟದ್ದು ಮುಚ್ಚಲೇ ಇಲ್ಲ.

ಸಿನಿಮಾದಲ್ಲಿ ಕರಡಿ ಗುಹೆಗೆ ಬಂದು ಒಂದು ಸಲ ಗುರ್ರ್ ಎನ್ನುತ್ತದೆ, ಬಾತು ಒಂದು ಸಲ ಕ್ವಾಕ್ ಎನ್ನುತ್ತದೆ, ಅಷ್ಟೇ. ಜಮೀನುದಾರರು ಆ ಗುರ್ರ್‌ಗೆ ಅರ್ಥ ಹೇಳಲು ಹಿಡಿದರು. ಈ ಗುಹೆ ನನ್ನ ಅಜ್ಜನ ಕಾಲದ್ದು, ಪಟ್ಟೆ ನನ್ನ ಹೆಸರಿನಲ್ಲಿದೆ, ಎಲೈ ಪಕ್ಷಿಯೇ, ನಿನ್ನನ್ನು ಇಲ್ಲಿ ಕೂರಲು ಹೇಳಿದವರಾರು? ಕುರ್ಚಿಗಳಿಂದ ಚಪ್ಪಾಳೆ. ಗೇಣಿಯವರು ಗಂಟಲು ಸರಿ ಮಾಡಿ ಕ್ವಾಕ್‌ಗೆ ಅರ್ಥ ಹೇಳಿದರು.

"ಸ್ವಾಮೀ, ತಾವು ಗುಹೆಗೆ ಬರುವುದು ನಿದ್ದೆ ಮಾಡಲು. ನಾನು ಇಲ್ಲಿ ಕೂತಿದ್ದೇನೆ, ಮೊಟ್ಟೆ ಇಟ್ಟಿದ್ದೇನೆ. ಕೂತವರದ್ದೇ ಗುಹೆ. ಮೊಟ್ಟೆ ಇಟ್ಟವರನ್ನು ಎಬ್ಬಿಸಲು ಯಾವ ಶಾಸ್ತ್ರದಲ್ಲಿ ಹೇಳಿದೆ?"

ಹೊಯಿಗೆಯಿಂದ ಎದ್ದ ಬೊಬ್ಬೆಗೆ ಗುಡಾರದ ಕಂಬ ನಡುಗಿತು. ವಾದ ಬೆಳೆಯಿತು. ಅಷ್ಟರಲ್ಲಿ ಪರದೆಯ ಮೇಲೆ ಕರಡಿಯೂ ಬಾತೂ ರಾಜಿಯಾಗಿ ಕೈ ಹಿಡಿದು ಕುಣಿಯುತ್ತಿದ್ದವು. ಜಮೀನುದಾರರು ಬಿಡಲಿಲ್ಲ, ಕರಡಿ ಕುಣಿಯುವುದು ಸಂತೋಷಕ್ಕಲ್ಲ, ಸಿಟ್ಟಿಗೆ ಎಂದರು. ಕುರ್ಚಿಯಿಂದ ಒಬ್ಬರು ನನ್ನ ಕಡೆ ತಿರುಗಿ, ಆ ಚಿತ್ರವನ್ನು ಸ್ವಲ್ಪ ನಿಲ್ಲಿಸಿ ಆಪರೇಟರೇ, ಮೆಷಿನ್ನಿನ ಶಬ್ದಕ್ಕೆ ಅರ್ಥ ಕೇಳುದಿಲ್ಲ ಎಂದರು. ಧಣಿ ಗೇಟಿನಿಂದ ಓಡಿ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದು ಬೇಡವೆಂದು ತಲೆಯಾಡಿಸಿದರು. ನಾನು ನಿಲ್ಲಿಸಲಿಲ್ಲ. ರೀಲು ತಾನಾಗಿ ಮುಗಿಯಿತು, ಪರದೆ ಬೆಳ್ಳಗಾಯಿತು. ಬಿಳಿ ಪರದೆಯ ಮುಂದೆ ಕರಡಿಯೂ ಬಾತೂ ವಾದ ಮಾಡುತ್ತಲೇ ಇದ್ದರು.

ಕೊನೆಗೆ ಇಬ್ಬರೂ ನೀರು ಕುಡಿಯಲು ಎದ್ದರು. ಆದರೆ ಜನ ಏಳಲಿಲ್ಲ. ಹೊರಗೆ ಎರಡನೇ ಆಟದವರು ಗೇಟಿಗೆ ಜೋತು ಬಿದ್ದಿದ್ದಾರೆ, ಒಳಗೆ ಮೊದಲನೇ ಆಟದವರು ಹೊಯಿಗೆಯಲ್ಲಿ ಬೇರು ಬಿಟ್ಟಿದ್ದಾರೆ. ಭಾವ ಬೆವರು ಒರೆಸುತ್ತ ಧಣಿಯ ಹತ್ತಿರ ಬಂದು, ತುಂಬಿಸಿದ್ದು ಸಾಕು, ನಾನು ಸೋತೆ, ಮುಂದಿನ ವರ್ಷ ಎಷ್ಟು ಪೆಟ್ಟಿಗೆ ಬೇಕಾದರೂ ತರಿಸಿ, ಈಗ ಖಾಲಿ ಮಾಡಿಸಿ ಎಂದು ಅಂಗಲಾಚಿದರು.

ಧಣಿ ಎದುರಿಗೆ ಕೂತಿದ್ದ ಆಲೆಟ್ಟಿಯ ಅಜ್ಜರೊಬ್ಬರ ಹತ್ತಿರ ಬಗ್ಗಿ, ಆಟ ಮುಗಿಯಿತು, ಗುಡಾರ ನಮ್ಮದು, ದಯವಿಟ್ಟು ಏಳಬೇಕು ಎಂದು ವಿನಯದಿಂದ ಹೇಳಿದರು. ಅಜ್ಜ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಮುಂಡು ಸರಿ ಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತರು.

"ಏಳುದು ಹೇಗೆ ಧಣಿ, ಮೊಟ್ಟೆ ಇಟ್ಟು ಆಯ್ತಲ್ಲ."