ಏಳನೇ ನಂಬರಿನ ಯಜಮಾನರು

ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಹೋಟೆಲು, ಲಾಡ್ಜುಗಳ ಉತ್ಪತ್ತಿ ಎಷ್ಟೆಂದು ಲೆಕ್ಕ ಹಾಕಿ ಮೇಲಕ್ಕೆ ಕಳಿಸುವುದು ಅಂಕಿಅಂಶ ಕಚೇರಿಯ ಗುಮಾಸ್ತನ ಕೆಲಸ. ಮೆಟ್ಟಿಲು ಹತ್ತುವಾಗಲೂ ಎಣಿಸುವ ಪ್ರಾಣಿಯಾದ್ದರಿಂದ ಆಫೀಸಿನಲ್ಲಿ ಅವನಿಗೆ ಎಣಿಕೆಯಪ್ಪನೆಂದೇ ಹೆಸರು. ಹತ್ತು ವರ್ಷದಿಂದ ಅವನ ನಕ್ಷೆಯ ಗೆರೆ ಮಲಗಿದ ಎಮ್ಮೆಯ ಬೆನ್ನಿನಂತೆ ಏಳದೆ ಬೀಳದೆ ಇತ್ತು. ಈ ಸಲ ದಿಢೀರನೆ ಎದ್ದು ನಿಂತುಬಿಟ್ಟಿತು.

"ಏನ್ರೀ ಇದು? ಜಿಲ್ಲೆಗೆ ಜನ ನುಗ್ಗಿ ಬರ್ತಿದಾರಾ, ಇಲ್ಲಾ ನಿಮ್ಮ ಕೈ ಜಾರಿದೆಯಾ?" ಮೇಲಧಿಕಾರಿ ಮೇಡಂ ಕನ್ನಡಕ ಇಳಿಸಿ ಕೇಳಿದರು. "ಸಂಜೆ ಐದರೊಳಗೆ ಕಾರಣ ಬೇಕು. ಅಂಕಿ ತಪ್ಪಾಗಿದ್ರೆ ನಿಮ್ಮ ಬಡ್ತಿ ಮರೆತುಬಿಡಿ."

ಹತ್ತು ವರ್ಷ ಕಾದ ಬಡ್ತಿ! ಎಣಿಕೆಯಪ್ಪ ಕಪಾಟಿಗೆ ಓಡಿದ. ಫೈಲು ಕೆದಕಿದಾಗ ಕಳ್ಳ ಸಿಕ್ಕ: ಬಸ್ ನಿಲ್ದಾಣದ ಎದುರಿನ ಲಾಡ್ಜು. ಎಲ್ಲ ಲಾಡ್ಜುಗಳಿಗೂ ಹೋಗಿಬರುವಷ್ಟು ಕಾಲಿಲ್ಲದ ಇಲಾಖೆ ಇಪ್ಪತ್ತಕ್ಕೊಂದನ್ನು ಆರಿಸಿ, ಅಲ್ಲಿ ಸಿಕ್ಕಿದ್ದನ್ನು ಇಪ್ಪತ್ತರಿಂದ ಗುಣಿಸುತ್ತಿತ್ತು. ಅಲ್ಲೊಬ್ಬ ಸೀನಿದರೆ ಜಿಲ್ಲೆಯಲ್ಲಿ ಇಪ್ಪತ್ತು ಜನಕ್ಕೆ ನೆಗಡಿ.

"ಎಲ್ಲಾ ಏಳನೇ ನಂಬರ್ ರೂಮಿನ ಯಜಮಾನರ ದಯೆ ಸಾರ್," ಎಂದ ಲಾಡ್ಜಿನ ಮ್ಯಾನೇಜರ್, ಓಡಿಬಂದ ಎಣಿಕೆಯಪ್ಪನಿಗೆ. "ಎರಡು ತಿಂಗಳಿಂದ ಇಲ್ಲೇ ಇದಾರೆ. ಅವರ ಹೆಸರು..."

"ಹೆಸರು ಬೇಡ!" ಎಣಿಕೆಯಪ್ಪ ಎರಡೂ ಕಿವಿ ಮುಚ್ಚಿಕೊಂಡ. "ಗುಟ್ಟು ಕಾಪಾಡೋದು ನಮ್ಮ ನಿಯಮ. ಅವರಿಂದ ಏನೇನು ಆಗಿದೆ, ಅಷ್ಟೇ ಹೇಳಿ."

"ಅದನ್ನ ನನ್ನ ಕೇಳ್ಬೇಡಿ, ಊರನ್ನ ಕೇಳಿ."

ಊರನ್ನು ಕೇಳಲು ಹೊರಟ. ಲಾಂಡ್ರಿಯವನು, "ದಿನಾ ಹೊಸ ಹಾಸು, ನಾಲ್ಕು ಟವೆಲ್ಲು! ಅವರ ಹೆಸರು ಹೇಳಿ ಮಷೀನು ತಗೊಂಡೆ, ನಮ್ಮ ತಂಗಿಗೂ ಕೆಲಸ ಆಯ್ತು," ಎಂದು ಓಡುತ್ತಿದ್ದ ಮಷೀನಿನ ಬಾಗಿಲನ್ನೇ ತೆಗೆದು ತೋರಿಸಿದ. ಒಳಗಿನ ನೊರೆನೀರೆಲ್ಲ ಎಣಿಕೆಯಪ್ಪನ ಪ್ಯಾಂಟಿಗೆ ಬಂತು.

ಕ್ಷೌರದಂಗಡಿಯವನು ಕುರ್ಚಿಯಲ್ಲಿ ಕೂರಿಸಿ ನೊರೆ ಹಚ್ಚಿದ ಮೇಲೆಯೇ ಬಾಯಿ ಬಿಟ್ಟಿದ್ದು. "ದಿನಾ ಬರ್ತಾರೆ ಸಾರ್. ಅವರ ಮಾತು ಕೇಳೋಕೇ ಅಂತ ಇನ್ನೂ ಹತ್ತು ಜನ ಬಂದು ಕೂರ್ತಾರೆ. ಬಂದೋರು ಸುಮ್ನೆ ಹೋಗ್ತಾರಾ?" ಎಂದು ಕೈಬೀಸಿದ ರಭಸಕ್ಕೆ ಅರ್ಧ ಮೀಸೆ ಹಾರಿಹೋಯಿತು. ಉಳಿದರ್ಧವನ್ನು ತೆಗೆಸಲು ಎಣಿಕೆಯಪ್ಪನಿಗೆ ಪುರುಸೊತ್ತಿರಲಿಲ್ಲ. ಆಗಲೇ ನಾಲ್ಕು ಗಂಟೆ.

ಲಾಡ್ಜಿಗೆ ಹಾಲು ಹಾಕುವ ಹಾಲಿನಕ್ಕ ಕ್ಯಾನು ಕೆಳಗಿಟ್ಟು ನಿಂತಳು. "ಎರಡು ಹಸು ಮೂರಾಯ್ತು ಕಣಪ್ಪಾ. ಮಗಳ ಕಾಲೇಜಿಗೆ ಈ ಸಲ ಯಾರ ಮುಂದೇನೂ ಕೈ ಚಾಚಲಿಲ್ಲ. ಆ ಪುಣ್ಯಾತ್ಮ ತಣ್ಣಗಿರ್ಲಿ."

ಎಣಿಕೆಯಪ್ಪನಿಗೆ ಮೈ ಜುಂ ಎಂದಿತು. ಹತ್ತು ವರ್ಷದಿಂದ ಅಂಕಿ ಬರೆಯುತ್ತಿದ್ದ. ಅಂಕಿಯ ಒಳಗೆ ಹಸು ಮೇಯುತ್ತದೆ, ಹುಡುಗಿಯೊಬ್ಬಳು ಕಾಲೇಜಿಗೆ ಹೋಗುತ್ತಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಾರೋ ಒಬ್ಬ ಮನುಷ್ಯ ಸುಮ್ಮನೆ ಮಲಗೆದ್ದರೆ ಇಷ್ಟು ಮನೆಗಳಲ್ಲಿ ಬೆಳಗಾಗುತ್ತದೆಯೇ! ಅವನ ಕಣ್ಣು ತುಂಬಿ ಬಂತು. ಇಂಥವರ ಕಾಲಿಗೆ ಬೀಳದೆ ವರದಿ ಬರೆದರೆ ಪಾಪ ತಟ್ಟುತ್ತದೆ ಎನಿಸಿತು.

ಒದ್ದೆ ಪ್ಯಾಂಟು, ಅರ್ಧ ಮೀಸೆಯ ಎಣಿಕೆಯಪ್ಪ ಮುಂದೆ. ನೋಡೋಣವೆಂದು ಲಾಂಡ್ರಿಯವನು, ಕ್ಷೌರದವನು, ಹಾಲಿನಕ್ಕ, ಮ್ಯಾನೇಜರ್ ಹಿಂದೆ. ಏಳನೇ ನಂಬರಿನ ಬಾಗಿಲು ತಟ್ಟಿ, ಕೈ ಮುಗಿದು, ತಲೆ ಬಗ್ಗಿಸಿ ನಿಂತ.

ಬಾಗಿಲು ತೆರೆಯಿತು.

"ಓಹೋ, ಬನ್ನಿ ಅಳಿಯಂದಿರೇ! ಮೀಸೆಗೇನಾಯ್ತು?"

"ಮಾವ! ನೀವು ಊರಿಗೆ ಹೋದ್ರಲ್ಲಾ?"

"ಹಾಗಂತ ಮಗಳಿಗೆ ಹೇಳಿ ಬಂದೆ. ನಾನು ಕುಡಿದ ಕಾಫಿ ಲೋಟಕ್ಕೆಲ್ಲಾ ನೀವು ಕ್ಯಾಲೆಂಡರಿನಲ್ಲಿ ಗೆರೆ ಎಳೀತಿದ್ರಿ. ಇಲ್ಲಿ ಎಣಿಸೋರಿಲ್ಲ, ನೆಮ್ಮದಿಯಾಗಿದೀನಿ."

"ಇವರೇನಾ ಅಳಿಯಂದಿರು!" ಮ್ಯಾನೇಜರ್ ಮುಖ ಅರಳಿತು. "ಬಿಲ್ಲೆಲ್ಲಾ ಅಳಿಯ ಬಂದು ಕೊಡ್ತಾರೆ ಅಂತ ಯಜಮಾನರು ಮೊದಲನೇ ದಿನಾನೇ ಹೇಳಿದ್ರು ಸಾರ್. ಸ್ವಂತ ತಂದೆ ಥರ ನೋಡ್ಕೋತಾರಂತೆ!" ಎನ್ನುತ್ತ ಬಿಲ್ ತರಲು ಕೆಳಗೋಡಿದ. ಹಾಲಿನಕ್ಕ ಯಜಮಾನರನ್ನು ಬಿಟ್ಟು ಎಣಿಕೆಯಪ್ಪನಿಗೆ ಕೈ ಮುಗಿದಳು.

ಎಣಿಕೆಯಪ್ಪನ ಫೋನು ರಿಂಗಾಯಿತು. ಐದಕ್ಕೆ ಎರಡು ನಿಮಿಷ.

"ಕಾರಣ ಸಿಕ್ತೇನ್ರೀ? ಅಂಕಿ ನಿಜಾನಾ, ಸುಳ್ಳಾ?"

ಸುಳ್ಳೆಂದರೆ ಬಡ್ತಿ ಹೋಗುತ್ತದೆ. ನಿಜವೆಂದರೆ ಬಡ್ತಿಯ ಸಂಬಳವೆಲ್ಲ ಮಾವನ ಬಿಲ್ಲಿಗೆ ಹೋಗುತ್ತದೆ. ಎಣಿಕೆಯಪ್ಪ ಹಾಲಿನಕ್ಕನ ಮುಗಿದ ಕೈಗಳನ್ನು ನೋಡಿದ.

"ನಿಜ ಮೇಡಂ."

"ಭೇಷ್! ಮುಂದಿನ ಮೂರು ತಿಂಗಳೂ ಹೀಗೇ ಇರುತ್ತೆ ಅಂತ ಬರೀಲಾ?"

ಅವನು ಮಾವನ ಮುಖ ನೋಡಿದ. ಮಾವ ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಳ್ಳುತ್ತ, "ನಾಳೆ ನಿಮ್ಮತ್ತೇನೂ ಬರ್ತಾಳೆ. ಎಂಟನೇ ನಂಬರೂ ಹೇಳಿಟ್ಟಿದೀನಿ," ಎಂದರು.

"ಹೀಗೇ ಅಂತ ಬರೀಬೇಡಿ ಮೇಡಂ," ಎಂದ ಎಣಿಕೆಯಪ್ಪ. "ಎರಡು ಪಟ್ಟಾಗುತ್ತೆ."