ಮೇವಿನ ಉಂಡೆಗಳ ಮೇಲೆ ನಾನು ನಡೆಸಿದ ತನಿಖೆ

ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ನಂಬಬಾರದು ಎಂಬುದು ನನ್ನ ಎಪ್ಪತ್ತೊಂದು ವರ್ಷಗಳ ಬದುಕಿನ ತತ್ತ್ವ. ಶಾಲೆಯಲ್ಲಿ ನಾನು ಓದಿದ್ದು ತಮಿಳು, ಅದೂ ಎಂಟನೆಯ ತರಗತಿಯವರೆಗೆ. ಮನೆಮಾತಾದ ಕನ್ನಡದ ಅಕ್ಷರಗಳನ್ನು ಯಾರ ಸಹಾಯವೂ ಇಲ್ಲದೆ ನಾನೇ ಕಲಿತೆ. ದ್ರಾಕ್ಷಿಗೆ ಮದ್ದು ಹೊಡೆಯುವುದನ್ನು ನಾನೇ ಕಲಿತೆ. ಪಂಪ್‌ಸೆಟ್ಟು ಬಿಚ್ಚುವುದನ್ನೂ ನಾನೇ ಕಲಿತೆ. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಮಾತ್ರ ಇನ್ನೂ ಅಭ್ಯಾಸದಲ್ಲಿದೆ.

ಇಂಥ ನಾನು ತಮಿಳು ಸೀಮೆಯ ನಮ್ಮ ಹನುಮಂತನಪಟ್ಟಿಯಲ್ಲಿ ಮೊತ್ತಮೊದಲು ಸೈಲೇಜ್ ಮಾಡಿಸಲು ಮುಂದಾದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಸೈಲೇಜ್ ಎಂದರೆ ಹಸಿ ಮೇವನ್ನು ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ಒತ್ತಿ, ಮುಚ್ಚಿಟ್ಟು ಹುಳಿ ಬರಿಸುವುದು. ಕನ್ನಡದ ಪುಸ್ತಕಗಳು ಇದನ್ನು ರಸಮೇವು ಎನ್ನುತ್ತವೆ. ನಮ್ಮ ಕಡೆ ತಮಿಳಿನಲ್ಲಿ ‘ಊರುಗಾಯ್ ಪುಲ್ಲು’, ಅಂದರೆ ಉಪ್ಪಿನಕಾಯಿ ಹುಲ್ಲು. ಹೆಸರು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಆದರೂ ಅದನ್ನು ಮಾಡಿಸಲೇಬೇಕಾದ ಒಂದು ಸಂದರ್ಭವನ್ನು ನಾನೇ ನನ್ನ ಬಾಯಿಂದ ತಂದುಕೊಂಡಿದ್ದೆ.

ಸಂದರ್ಭ ಹೀಗಿತ್ತು. ಹುಲ್ಲು ಬೆಳೆಯುತ್ತಿದ್ದ ತುಂಡು ನೆಲಕ್ಕೆ ದ್ರಾಕ್ಷಿ ಚಪ್ಪರ ಹಾಕುವುದೆಂದು ತೀರ್ಮಾನವಾಗಿತ್ತು. ಹಾಗಾದರೆ ಮನೆಯ ಮೂರು ಹಸುಗಳಿಗೆ ಮೇವೆಲ್ಲಿ? ಮಾರ್ಕಯನ್‌ಕೋಟ್ಟೈಯಿಂದ ಊಟಕ್ಕೆ ಬಂದಿದ್ದ ನನ್ನ ಹೆಂಡತಿಯ ತಮ್ಮ ಚಿನ್ನಪ್ಪ ಬಾಯಿ ಹಾಕಿದ. ಅವನ ಕೊಟ್ಟಿಗೆಯಲ್ಲಿ ಹತ್ತು ಹಸುಗಳೂ, ಹಾಲು ಕರೆಯುವ ಯಂತ್ರವೂ, ಅದರಿಂದಾಗಿ ಅಪಾರ ಅಹಂಕಾರವೂ ಇವೆ.

“ಭಾವ, ನಿಮ್ಮ ಕೈಲಿ ಆಗಲ್ಲ. ಆ ಹಸು ಹೂವೀನ ನನ್ನ ಕೊಟ್ಟಿಗೆಗೆ ತಳ್ಳಿಬಿಡಿ. ಮಿಷನ್ನಾಗೆ ಹಾಲು ಕರೀತೀನಿ, ರಾಣಿ ಹಂಗೆ ಇರ್ತಾಳೆ.”

ಹೂವಿ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಹಸು. ಹುಟ್ಟಿದ ಮೂರನೆಯ ದಿನ ತಾಯಿ ಸತ್ತಿತು. ನನ್ನ ಹೆಂಡತಿ ರಂಗಮ್ಮ ಅದನ್ನು ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದಳು. ಈಗಲೂ ಅವಳ ದನಿ ಕೇಳದೆ ಅದು ಹಾಲು ಇಳಿಸುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಎಲೆಯ ಮುಂದೆ ಕೂತು ಭಾಮೈದನಿಗೆ ಗಂಭೀರವಾಗಿ ಘೋಷಿಸಿದೆ:

“ಮಾಪ್ಳೆ, ಕೇಳಿಸಿಕೊ. ಸೈಲೇಜ್ ಮಾಡಿಸುತ್ತೇನೆ. ಮುಚ್ಚಿಟ್ಟ ನಲವತ್ತೈದನೆಯ ದಿನ ಕೊಟ್ಟಿಗೆಯಲ್ಲಿ ಒಳ್ಳೆಯ ಮೇವು ಇರದಿದ್ದರೆ ನೀನೇ ಬಂದು ಹೂವಿಯ ಹಗ್ಗ ಹಿಡಿದುಕೊಂಡು ಹೋಗು!”

ಚಿನ್ನಪ್ಪ ಕೈಯಲ್ಲಿದ್ದ ಅನ್ನ ಬಿಟ್ಟು ನಕ್ಕ. ರಂಗಮ್ಮ ಸಾಂಬಾರಿನ ಪಾತ್ರೆಯನ್ನು ನನ್ನ ಮುಂದೆ ಎಂದಿಗಿಂತ ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೆ.

ನಮ್ಮ ಮೆಕ್ಕೆಜೋಳದ ಕಾಳು ಹಾಲುತುಂಬಿ ಗಟ್ಟಿಯಾಗುತ್ತಿದ್ದ ಹೊತ್ತಿಗೆ ಮುರುಗೇಸನ್ ತನ್ನ ಯಂತ್ರ ತಂದ. ಪಕ್ಕದ ಬೀದಿಯ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನೇ. ಯಂತ್ರದ ಒಂದು ಬಾಯಿಗೆ ಜೋಳದ ದಂಟು ಕೊಟ್ಟರೆ ಅದು ಚೂರುಚೂರಾಗಿ, ಒಳಗೆಲ್ಲೋ ಸುತ್ತಿ ಒತ್ತಿಸಿಕೊಂಡು, ಮೈತುಂಬ ಪ್ಲಾಸ್ಟಿಕ್ ಹೊದ್ದು, ಇನ್ನೊಂದು ಕಡೆ ದೊಡ್ಡ ಉಂಡೆಯಾಗಿ ದೊಪ್ಪನೆ ಬೀಳುತ್ತಿತ್ತು. ಇದನ್ನು ಎರಡು ಗಂಟೆ ನಿಂತು ಪರಿಶೀಲಿಸಿದೆ. ಕೆಲವು ಸುಧಾರಣೆಗಳನ್ನೂ ಸೂಚಿಸಿದೆ.

ಮುರುಗೇಸನ್ ಯಂತ್ರ ನಿಲ್ಲಿಸಿ ಕೈಮುಗಿದ. “ಅಯ್ಯಾ, ಒಣ್ಣೇ ಒಣ್ಣು. ನಾಪ್ಪತ್ತಂಜು ನಾಳು ತೊಡಾದೀಂಗ!”

ಒಂದೇ ಒಂದು ಮಾತು, ನಲವತ್ತೈದು ದಿನ ಮುಟ್ಟಬಾರದಂತೆ.

“ಮುಟ್ಟಿದರೆ?”

“ಒಳಗೆ ಗಾಳಿ ಹೋಗುತ್ತೆ, ಕೆಡುತ್ತೆ.”

“ಯಾರು ಹೇಳಿದರು?”

“ಎಲ್ಲಾರೂ ಸೊಲ್ರಾಂಗ ಅಯ್ಯಾ.”

ಎಲ್ಲರೂ ಹೇಳುತ್ತಾರೆ! ಇದಕ್ಕಿಂತ ದುರ್ಬಲವಾದ ಸಾಕ್ಷ್ಯ ಜಗತ್ತಿನಲ್ಲಿ ಇದೆಯೇ? ನಾನು ಪ್ರತಿವಾದ ಆರಂಭಿಸುವಷ್ಟರಲ್ಲಿ ರಂಗಮ್ಮ ಬಂದು, ಸೊಸೆಯ ಸೀಮಂತಕ್ಕೆ ಮಲ್ಲಿಗೆ ಬೇಕು, ನಿಲಕ್ಕೋಟ್ಟೈ ಹೂಮಾರುಕಟ್ಟೆಗೆ ಹೋಗಿ ನೀವೇ ಆರಿಸಿ ತನ್ನಿ, ನಿಮ್ಮ ಕಣ್ಣಿಗೆ ಸಮ ಯಾರ ಕಣ್ಣೂ ಇಲ್ಲ ಎಂದಳು. ಮಾತಿನಲ್ಲಿ ಸತ್ಯವಿದ್ದುದರಿಂದ ಹೊರಟೆ. ಎರಡು ಬಸ್ಸು ಬದಲಿಸಿ ಹೋಗಿ, ಮಲ್ಲಿಗೆಯೊಂದಿಗೆ ಸಂಜೆ ಮರಳಿದಾಗ ಯಂತ್ರ ಹೋಗಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಸಾಲಾಗಿ ಹನ್ನೆರಡು ಉಂಡೆಗಳು ಕೂತಿದ್ದವು. ಅಷ್ಟು ದೊಡ್ಡ ಹೊಲ ಇಷ್ಟರಲ್ಲಿ ಅಡಗಿತೇ ಎಂದು ಯಂತ್ರದ ಒತ್ತಡಕ್ಕೆ ತಲೆದೂಗಿದೆ. ಅಂದು ನಾನು ಅನುಮಾನಪಡದ ವಿಷಯ ಅದೊಂದೇ.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಬೆಳಗ್ಗೆ, ಒಳಗೆ ನಡೆಯುತ್ತಿದೆ ಎನ್ನಲಾದ ಕ್ರಿಯೆ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡುವುದು ಬೆಳೆಗಾರನ ಹಕ್ಕಷ್ಟೇ ಅಲ್ಲ, ಕರ್ತವ್ಯ ಎಂದು ತೋರಿತು. ಬ್ಲೇಡಿನಿಂದ ಒಂದನೆಯ ಉಂಡೆಯಲ್ಲಿ ಅಂಗೈಯಗಲ ಕಿಟಕಿ ಕೊಯ್ದೆ. ಮೂಸಿದೆ. ಸರಿಯಾಗಿಯೇ ಇತ್ತು. ಗಾಯಕ್ಕೆ ಹಾಕುವ ಪ್ಲಾಸ್ಟರಿನಿಂದ ಮುಚ್ಚಿದೆ.

ಆದರೆ ಒಂದನ್ನು ನೋಡಿ ಎಲ್ಲದರ ಬಗ್ಗೆ ತೀರ್ಪು ಕೊಡುವುದು ಅವೈಜ್ಞಾನಿಕ. ಆದ್ದರಿಂದ ಎರಡನೆಯದನ್ನು ಕೊಯ್ದೆ. ಎರಡನೆಯದು ಒಂದನೆಯದಂತೆಯೇ ಇದೆಯೇ ಎಂದು ತಿಳಿಯಲು ಒಂದನೆಯದನ್ನು ಮತ್ತೆ ತೆರೆದೆ. ವಾರದೊಳಗೆ ಹನ್ನೆರಡಕ್ಕೂ ಕಿಟಕಿಗಳಾದವು. ನೋಟುಪುಸ್ತಕವೊಂದರಲ್ಲಿ ವರದಿ ಬರೆಯತೊಡಗಿದೆ: “ಐದನೆಯದು, ನಾಲ್ಕನೆಯದರಂತೆ. ನಾಲ್ಕನೆಯದು, ಐದನೆಯದರಂತೆ.”

ರಂಗಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. “ಇದೇನು ಆಸ್ಪತ್ರೆಯಾ? ಎಲ್ಲಾದಕ್ಕೂ ಪ್ಲಾಸ್ಟರು ಹಾಕಿದ್ದೀರಿ?”

“ತಪಾಸಣೆ.”

“ಉಪ್ಪಿನಕಾಯಿ ಜಾಡೀನ ದಿನಾ ತೆಗೆದು ಮೂಸಿದ್ರೆ ನಿಲ್ತದಾ?”

“ಹೆಸರು ಉಪ್ಪಿನಕಾಯಿ ಹುಲ್ಲು ಎಂದಮಾತ್ರಕ್ಕೆ ಅದು ಉಪ್ಪಿನಕಾಯಿ ಆಗುವುದಿಲ್ಲ. ಇದರಲ್ಲಿ ಮೆಣಸಿನಪುಡಿ ಎಲ್ಲಿದೆ?”

“ಆಮಾ, ಆಮಾ,” ಎಂದು ಒಪ್ಪಿಕೊಂಡು ಒಳಗೆ ಹೋದಳು. ನಲವತ್ತಾರು ವರ್ಷಗಳ ದಾಂಪತ್ಯದಲ್ಲಿ ಇಷ್ಟು ಸುಲಭವಾಗಿ ಅವಳು ಸೋತದ್ದು ಇದೇ ಮೊದಲು. ನಾನು ಎಚ್ಚರಗೊಳ್ಳಬೇಕಾಗಿತ್ತು. ಬದಲಿಗೆ ಹೆಮ್ಮೆಪಟ್ಟೆ.

ಹದಿನೈದನೆಯ ದಿನದ ಹೊತ್ತಿಗೆ ಉಂಡೆಗಳೊಳಗೆ ಕೈಯಿಟ್ಟರೆ ಬಿಸಿ. ಹಣೆ ಮುಟ್ಟಿ ಜ್ವರ ನೋಡುವಂತೆ ಹನ್ನೆರಡನ್ನೂ ಮುಟ್ಟಿದೆ. ಹನ್ನೆರಡಕ್ಕೂ ಜ್ವರ! ನಾನು ಆಲೋಚಿಸಿದೆ. ಬಾಯಿ ಮೂಗು ಮುಚ್ಚಿ, ಪ್ಲಾಸ್ಟಿಕ್ ಸುತ್ತಿ, ಈ ಕಂಬಂ ಕಣಿವೆಯ ಬಿಸಿಲಲ್ಲಿ ಕೂರಿಸಿದರೆ ಯಾರಿಗೆ ತಾನೇ ಬಿಸಿಯೇರದು? ಪಾಪ, ಉಸಿರಾಡಲು ಗಾಳಿಯಿಲ್ಲ. ಕೂಡಲೇ ಗೋಣಿಚೀಲ ಹೊಲಿಯುವ ದಬ್ಬಳ ತಂದು ಒಂದೊಂದಕ್ಕೂ ಐವತ್ತು ತೂತು ಚುಚ್ಚಿದೆ. ಕೆಲಸ ಮುಗಿಸಿ ಬೆವರೊರೆಸಿಕೊಂಡಾಗ ಒಂದು ಪ್ರಾಣಿಯನ್ನು ಉಳಿಸಿದ ನೆಮ್ಮದಿ ನನಗಿತ್ತು.

ಇಪ್ಪತ್ತೈದನೆಯ ದಿನ ಮೇವಿನ ಮೇಲೆ ಬಿಳಿಯ ನಯವಾದ ಹತ್ತಿಯಂಥದ್ದು ಹಬ್ಬಿತು. ನಾನು ರಂಗಮ್ಮನನ್ನು ಕೂಗಿ ಕರೆದೆ.

“ನೋಡು! ಸತ್ತ್ವ ಮೇಲಕ್ಕೆ ಬರುತ್ತಿದೆ!”

ಅವಳು ಬಗ್ಗಿ ನೋಡಿದಳು. “ಬೂಷ್ಟು.”

“ಅದು ನಿನ್ನ ಅಭಿಪ್ರಾಯ.”

“ಹಂಗಾರೆ ನೀವು ತಿನ್ನಿ. ನನ್ನ ಹಸೂಗೆ ಒಂದು ಎಳೆ ಹಾಕಿದ್ರೆ ನೋಡ್ಕೊಳ್ಳಿ!”

ನಾನು ಹಾಕಲಿಲ್ಲ. ಒಂದು ಹಿಡಿಯನ್ನು ದೂರದಿಂದ ಹೂವಿಗೆ ತೋರಿಸಿದೆ, ಅಷ್ಟೆ. ಹೂವಿ ಮೂಸಿತು. ನನ್ನ ಮುಖ ನೋಡಿತು. ದೀರ್ಘವಾಗಿ ಸೀನಿ, ತಿರುಗಿ ನಿಂತಿತು. ಒಂದು ಹಸು ಹೀಗೆ ಬೆನ್ನು ತೋರಿಸಿದ ಮೇಲೆ ನಾನು ದಿನ ಎಣಿಸಿದೆ. ಇನ್ನು ಇಪ್ಪತ್ತು ದಿನ. ಒಣಹುಲ್ಲೂ ಉಳಿದಿದ್ದ ಹಸಿಮೇವೂ ಅಲ್ಲಿಗೆ ಮುಗಿಯುತ್ತವೆ. ಆಮೇಲೆ ಹಗ್ಗ ಹಿಡಿಯಲು ಚಿನ್ನಪ್ಪ ಬರುತ್ತಾನೆ. ಮಾತು ಕೊಟ್ಟವನು ನಾನು. ಹೋಗುವುದು ರಂಗಮ್ಮನ ಹಸು.

ತಪ್ಪು ಎಲ್ಲಾಯಿತು ಎಂದು ಎರಡು ದಿನ ಕೂತು ಲೆಕ್ಕ ಹಾಕಿದೆ. ಆಗ ಹೊಳೆಯಿತು! ಹೊಲದ ಅಳತೆ, ದಂಟಿನ ಎತ್ತರ, ಉಂಡೆಯ ತೂಕ, ಎಲ್ಲ ಗುಣಿಸಿ ಭಾಗಿಸಿದರೆ ಬರಬೇಕಾದದ್ದು ಮೂವತ್ತು ಉಂಡೆ. ಬಂದದ್ದು ಹನ್ನೆರಡು. ಉಳಿದ ಹದಿನೆಂಟು ಎಲ್ಲಿ? ನಾನು ನಿಲಕ್ಕೋಟ್ಟೈಯಲ್ಲಿ ಮಲ್ಲಿಗೆ ಮೂಸುತ್ತಿದ್ದಾಗ ಮುರುಗೇಸನ್ ಒಳ್ಳೆಯದನ್ನೆಲ್ಲ ಹೊತ್ತುಕೊಂಡು, ಕೆಡುವಂಥದ್ದನ್ನು ನನಗೆ ಬಿಟ್ಟಿದ್ದಾನೆ!

ಇಪ್ಪತ್ತೊಂಬತ್ತನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೋಟುಪುಸ್ತಕ ಕಂಕುಳಲ್ಲಿಟ್ಟು ಅವನ ಮನೆಗೆ ಹೋದೆ. ಅವನು ಅಂಗಳದ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದ.

“ಮುರುಗೇಸಾ, ನನ್ನ ಹೊಲದ ಮೇವು ನಿನ್ನ ಶೆಡ್ಡಿನಲ್ಲಿದೆ ಎಂದು ನನ್ನ ಲೆಕ್ಕ ಹೇಳುತ್ತಿದೆ.”

ಅವನು ಬೆವರಿದ. “ಅಯ್ಯಾ, ಮೋರು ಕುಡೀರೀಂಗಳಾ?”

“ಮಜ್ಜಿಗೆ ಬೇಡ. ಬಾಗಿಲು ತೆಗೆ.”

“ಬೀಗದ ಕೈ... ಬೀಗದ ಕೈ ಇನ್ನೊಬ್ಬರ ಹತ್ತಿರ ಇರುಕ್ಕು ಅಯ್ಯಾ.”

“ಯಾರ ಹತ್ತಿರ?”

ಅವನು ಆಕಾಶ ನೋಡಿದ. ಬೀದಿಯ ಜನ ಸೇರಿದರು. ನಾನು ನೋಟುಪುಸ್ತಕದಿಂದ ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಕೊನೆಗೆ, ಕಳ್ಳತನ ಎಂಬ ಶಬ್ದವನ್ನೂ ಬಳಸಿದೆ. ಅವನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಅವನು ಮಾತ್ರ ತಲೆ ತಗ್ಗಿಸಿ, “ಸರಿ ಅಯ್ಯಾ, ಸರಿ ಅಯ್ಯಾ” ಎನ್ನುತ್ತಲೇ ಇದ್ದ. ಗೆದ್ದು ಮನೆಗೆ ಬಂದೆ. ಆದರೆ ಗೆದ್ದವನಿಗೆ ಬರಬೇಕಾದ ನಿದ್ದೆ ಬರಲಿಲ್ಲ.

ನಲವತ್ತೈದನೆಯ ದಿನ ಚಿನ್ನಪ್ಪ ಸಣ್ಣ ವ್ಯಾನು ತಂದ. ಬಂದವನೇ ಉಂಡೆಗಳತ್ತ ಹೋಗಿ, ಮೂಗು ಮುಚ್ಚಿಕೊಂಡು ಹಿಂದೆ ಬಂದ.

“ಅಡ ಸಾಮೀ! ಭಾವ, ಒಳಗೆ ಏನಾದ್ರೂ ಸತ್ತೋಗಿದ್ಯಾ?”

ನಾನು ಕೊಟ್ಟಿಗೆಗೆ ಹೋಗಿ ಹೂವಿಯ ಹಗ್ಗ ಬಿಚ್ಚಿದೆ. ಅದು ನನ್ನ ಮೊಣಕೈ ನೆಕ್ಕಿತು. ರಂಗಮ್ಮನ ಕಡೆ ನೋಡದೆ ಹೇಳಿದೆ:

“ತಪ್ಪು ನನ್ನದು. ನಿನ್ನ ಹಸುವನ್ನು ನಾನು ಪಣಕ್ಕಿಡಬಾರದಿತ್ತು.”

“ಇದ ಇನ್ನೊಂದು ದಪ ಹೇಳಿ,” ಎಂದಳು ರಂಗಮ್ಮ.

“ತಪ್ಪು ನನ್ನದು.”

“ಚಿನ್ನಪ್ಪಾ, ನೀನೂ ಕೇಳಿಸ್ಕಂಡ್ಯಲ್ಲಾ? ಸರಿ. ಹಗ್ಗ ಕಟ್ಟಿ.” ಸೆರಗಿನ ತುದಿಯಿಂದ ಒಂದು ಬೀಗದ ಕೈ ಬಿಚ್ಚಿ, ಬೀದಿಯತ್ತ ತಿರುಗಿ ಕೂಗಿದಳು: “ಮುರುಗೇಸಾ! ವಾಪ್ಪಾ!”

ಕಾಲು ಗಂಟೆಯಲ್ಲಿ ಟ್ರ್ಯಾಕ್ಟರ್ ಬಂತು. ಅದರ ಮೇಲೆ ಹದಿನೆಂಟು ಉಂಡೆ. ಒಂದಕ್ಕೂ ಪ್ಲಾಸ್ಟರಿಲ್ಲ, ತೂತಿಲ್ಲ. ಮುರುಗೇಸನ್ ಒಂದನ್ನು ಕೊಯ್ದ. ಹಸಿರು ಹಳದಿ ಬಣ್ಣ, ಮಾಗಿದ ಹಣ್ಣಿನ ಹುಳಿವಾಸನೆ. ಹೂವಿ ಹಗ್ಗ ಜಗ್ಗಿಕೊಂಡು ಬಂದು ಮೂತಿ ಹುದುಗಿಸಿತು. ಮತ್ತೆ ತಲೆ ಎತ್ತಲೇ ಇಲ್ಲ. ಎದೆಯ ಮೇಲೆ ಕೂತಿದ್ದ ಕಲ್ಲೊಂದು ಎದ್ದು ಹೋದಂತಾಗಿ ನಾನು ಅಲ್ಲೇ ಬಾನಿಯ ಅಂಚಿನಲ್ಲಿ ಕೂತುಬಿಟ್ಟೆ.

“ನಿಮಗೆ ಬಿಚ್ಚಿ ನೋಡೋಕೆ ಅಂತಲೇ ಹನ್ನೆರಡು ಬಿಟ್ಟಿದ್ದೆ,” ಎಂದಳು ರಂಗಮ್ಮ. “ಅವೂ ಇಲ್ಲದಿದ್ರೆ ಇವನ್ನ ಹುಡುಕ್ಕಂಡು ಹೋಗ್ತಿದ್ರಿ. ಮಲ್ಲಿಗೆ ಇಲ್ಲೇ ಪಕ್ಕದ ಚಿನ್ನಮನೂರಲ್ಲೇ ಸಿಕ್ತಿತ್ತು.”

ಚಿನ್ನಪ್ಪ ಖಾಲಿ ವ್ಯಾನಿನ ಬಾಗಿಲು ಹಾಕುತ್ತ, “ಅಕ್ಕಾ, ನನ್ನ ಕೊಟ್ಟಿಗೆ ಮೇವನ್ನೂ ನೀನೇ ಹಾಕಿಸಿಕೊಡು” ಎಂದ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಾನು ಮಾತ್ರ ಒಂದನ್ನು ದಾಖಲಿಸಲೇಬೇಕು. ನನ್ನ ಲೆಕ್ಕ ಸರಿಯಾಗಿತ್ತು! ಬರಬೇಕಾದದ್ದು ಮೂವತ್ತು, ಬಂದದ್ದು ಮೂವತ್ತು. ಮೇವು ಇದ್ದದ್ದು ಮುರುಗೇಸನ್ನನ ಶೆಡ್ಡಿನಲ್ಲೇ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಕಂಡುಹಿಡಿದ ಏಕೈಕ ಸಂಗತಿಗಾಗಿ ನಾನು ಕ್ಷಮೆ ಕೇಳಬೇಕಾಯಿತು.

ಮರುದಿನ ಅದೇ ಬೀದಿಯಲ್ಲಿ, ಅದೇ ಜನರ ಮುಂದೆ, ಮುರುಗೇಸನ್ನನ ಕೈಹಿಡಿದು ಕೇಳಿದೆ. ಅವನ ಹೆಂಡತಿಯನ್ನೂ ಕೇಳಿದೆ. ಅವನು ನಾಚಿಕೊಂಡ.

“ಬಿಡುಂಗ ಅಯ್ಯಾ. ಅಕ್ಕಾ ಮೊದಲ ದಿನವೇ ಹೇಳಿದ್ದರು. ಮೂವತ್ತನೇ ದಿನ ಬಂದು ನಿನ್ನ ಕಳ್ಳ ಅಂತಾರೆ, ಬೇಜಾರು ಮಾಡಿಕೊಳ್ಳಬೇಡ ಅಂತ. ನೀವು ಒಂದು ದಿನ ಮುಂಚೆ ಬಂದ್ರಿ. ಅದಕ್ಕೇ ನನ್ನ ಹೆಂಡತಿ ರೆಡಿ ಇರಲಿಲ್ಲ.”

ಹೂವಿ ಈಗ ನಮ್ಮ ಕೊಟ್ಟಿಗೆಯಲ್ಲೇ ಇದೆ, ಸ್ವಲ್ಪ ದಪ್ಪಗಾಗಿದೆ. ಈ ಸಲದ ಜೋಳವೂ ಕೊಯ್ಲಿಗೆ ಬಂದಿದೆ. ಮೊನ್ನೆ ರಂಗಮ್ಮ ಯಾವ ಗುಟ್ಟೂ ಇಲ್ಲದೆ ನೇರವಾಗಿ ತಿಳಿಸಿದಳು: ತಪಾಸಣೆಗೆಂದು ನನಗೆ ಎರಡು ಉಂಡೆ ಮಂಜೂರಾಗಿದೆ. ನಾನು ಮೂರು ಬೇಕೆಂದು ಕೇಳಿಕೊಂಡಿದ್ದೇನೆ.

ಯೋಚನೆ ಮಾಡಿ ಹೇಳುತ್ತಾಳಂತೆ.