ವಾದಿರಾಜನ ರಫ್ತುದರ ದಿಗ್ವಿಜಯ

ಕಡತಗಳ ಧೂಳೇ ವಿಭೂತಿಯಾಗಿದ್ದ, ಸುತ್ತೋಲೆಗಳೇ ವೇದವಾಕ್ಯಗಳಾಗಿದ್ದ ಆ ಪುಣ್ಯಯುಗವನ್ನು ನೆನೆದು ಬೇಡುತ್ತೇನೆ: ಮೂರು ಪ್ರತಿಗಳಿಲ್ಲದೆ ಕಣ್ಣನ್ನೇ ತೆರೆಯದ ಎಲೈ ಕಚೇರಿಯ ಅಧಿದೇವತೆಯೇ, ನನ್ನ ನಾಲಗೆಯಲ್ಲಿ ನೆಲಸು. ಮೊಹರುಮುದ್ರಾಮಂಡಿತಹಸ್ತನೂ, ಅರ್ಜಿಗಳ ಅರಣ್ಯಕ್ಕೆ ದಾವಾನಲನೂ, ಆಜನ್ಮ ಶಾಕಾಹಾರಿಯೂ ಆದ ದ್ವಿತೀಯ ದರ್ಜೆ ಸಹಾಯಕ ವಾದಿರಾಜ ಕುಲಕರ್ಣಿಯು ಕುರಿಸಂತೆಯ ಮೇಲೆ ದಂಡೆತ್ತಿ ಹೋದ ಕಥೆಯನ್ನು ಹೇಳಬೇಕಾಗಿದೆ.

ಕಡಲಾಚೆಗೆ ಹೋಗುವ ಕುರಿಮಾಂಸವನ್ನು ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂಬ ಕನಿಷ್ಠ ರಫ್ತುದರವನ್ನು ಸರ್ಕಾರವು ಹೊಸದಾಗಿ ಗೊತ್ತುಮಾಡುವುದಿತ್ತು. ಸಂತೆಯ ನಿಜವಾದ ದರ ಸಂಜೆ ಐದರೊಳಗೆ ನಮೂನೆಯಲ್ಲಿ ತುಂಬಿ ಬರಬೇಕು. ಬಾರದಿದ್ದರೆ ಹಳೆಯ ದರವೇ ಗತಿ, ವಾದಿರಾಜನ ಇನ್‌ಕ್ರಿಮೆಂಟಿಗೆ ಕತ್ತರಿ. ಮಾಂಸದ ರುಚಿಯನ್ನೇ ಕಾಣದವನಿಗೆ ಅದರ ಬೆಲೆ ಕಟ್ಟುವ ಕೆಲಸ ಹೇಗೆ ಬಂತೆಂದು ಕೇಳಬಾರದು. ಸರ್ಕಾರದ ಲೀಲೆ ಅಪಾರ.

ಧೂಳಿಧೂಸರಿತವಾದ ಆ ರಣಾಂಗಣದಲ್ಲಿ, ಸಹಸ್ರ ಟಗರುಗಳ ಭೇರೀನಿನಾದದ ನಡುವೆ, ಪೆನ್ನನ್ನು ಒರೆಯಿಂದ ಹಿರಿದು ವಾದಿರಾಜನು ಗರ್ಜಿಸಿದನು:

"ಕೇಳ್ರಿ ಎಲ್ಲಾರೂ! ದಿಲ್ಲಿ ತನಕಾ ಹೋಗೂ ಕಾಗದ ಅದ ನನ್ನ ಕೈಯಾಗ! ಈ ಟಗರಿನ ರೇಟ್ ಎಷ್ಟು? ಬಾಯಿ ಬಿಟ್ಟು ಹೇಳ್ರಿ!"

ಆದರೆ ಆ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿಯೇ ಇಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದೇ ವ್ಯಾಪಾರ. ಆಗ ವಲ್ಲಿಧ್ವಜನೂ ಅಂಗುಲಿಸಂಜ್ಞಾವಿಶಾರದನೂ ಆದ ದಲ್ಲಾಳಿ ಮಾಳಪ್ಪನು ಮುಂದೆ ಬಂದು ಪ್ರತಿಗರ್ಜಿಸಿದನು:

"ಸಾಹೇಬ್ರ, ನಮ್ಮಪ್ಪ, ನಮ್ಮಜ್ಜ ರೇಟು ಬಾಯಾಗ ಆಡಿದವರಲ್ಲ. ನಾ ಆಡಿದ್ರ ನಾಳಿಂದ ಈ ಸಂತ್ಯಾಗ ನನ್ನ ಮಾರಿ ಯಾರ್ ನೋಡ್ತಾರ? ಬೇಕಂದ್ರ ಕೈ ಕೊಡ್ರಿ!"

ಕೊಟ್ಟನು! ವಲ್ಲಿಯ ಗಾಢಾಂಧಕಾರದಲ್ಲಿ ಮಾಳಪ್ಪನು ಒಂದು ಬೆರಳು ಹಿಡಿದು ಬಿಟ್ಟನು, ಅನಂತರ ನಾಲ್ಕನ್ನು ಹಿಡಿದನು. ಹದಿನಾಲ್ಕು ಸಾವಿರ! ಶತ್ರುರಹಸ್ಯವನ್ನು ಭೇದಿಸಿದ ಹರ್ಷದಲ್ಲಿ ವಾದಿರಾಜನು, ತಿಳಿಯಿತೆಂದು ಸೂಚಿಸಲು, ಆ ಕೈಯನ್ನು ಗಟ್ಟಿಯಾಗಿ ಅದುಮಿದನು. ಸಂತೆಗೆ ಸಂತೆಯೇ ಹೋ ಎಂದಿತು. ಕೈ ಅದುಮಿದರೆ ಅಲ್ಲಿ ವ್ಯಾಪಾರ ಮುಗಿದಂತೆ.

"ಒಯ್ರಿ, ಟಗರು ನಿಮ್ದಾತು," ಎಂದು ಮಾಳಪ್ಪ ಹಗ್ಗ ಕೊಟ್ಟನು.

"ಯಪ್ಪಾ, ನಾ ಬರೇ ರೇಟ್ ಕೇಳ್ಲಿಕ್ಕೆ ಬಂದಾಂವೋ!"

"ಕೈ ಅದುಮಿ ಹಿಂಗಂದ್ರ ಹೆಂಗ್ರೀ? ಇಷ್ಟ್ ಮಂದಿ ನೋಡ್ಯಾರ."

ಮಾನಧನನಾದ ವೀರನು ಹೆಂಡತಿಯ ಹೊಲಿಗೆ ಮಷೀನಿಗೆಂದು ಕೂಡಿಟ್ಟಿದ್ದನ್ನು ಮೊಬೈಲಿನಲ್ಲೇ ತೆತ್ತನು. ದರವಾದರೂ ಸಿಕ್ಕಿತಲ್ಲ ಎಂದು ಜಯಘೋಷದೊಡನೆ ನಮೂನೆ ಬಿಚ್ಚಿದರೆ, ಅಂಕಣದಲ್ಲಿ ಕೇಳಿದ್ದು ಒಂದು ಕಿಲೋ ಮಾಂಸದ ದರ.

"ಮಾಳಪ್ಪ, ಇದರಾಗ ಮಾಂಸ ಎಷ್ಟ್ ಕಿಲೋ ಬರ್ತದ?"

"ಕೊಯ್ಯದ ಹೆಂಗ್ ಹೇಳ್ಲಿರೀ? ಕೊಯ್ಯಲೇನು?"

ಟಗರು ತಲೆಯೆತ್ತಿ ವಾದಿರಾಜನ ಅಂಗೈ ನೆಕ್ಕಿತು. ಗಂಟೆ ನಾಲ್ಕೂ ಮುಕ್ಕಾಲು. ಇನ್‌ಕ್ರಿಮೆಂಟಿನ ಆಸೆ ಅವನಿಗೆ ಇರಲಿಲ್ಲವೆಂದಲ್ಲ, ಬಹಳವೇ ಇತ್ತು. ಆದರೂ ಕೊಯ್ಯುವುದು ಬೇಡವೆಂದು ಟಗರಿನ ಹಗ್ಗವನ್ನು ಕೈಗೆ ಸುತ್ತಿಕೊಂಡನು; ನಮೂನೆಯ ಅಂಕಣದಲ್ಲಿ "ಹೋದ ವರ್ಷದಂತೆ" ಎಂದು ಬರೆದು ಸಹಿ ಹಾಕಿದನು.

ಆ ವರ್ಷ ಕಡಲಾಚೆಗೆ ಹೋದ ಮಾಂಸವೆಲ್ಲ ಹಳೆಯ ದರಕ್ಕೇ ಹೋಯಿತು. ಟಗರು ವಾದಿರಾಜನ ಜೊತೆ ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗೆ ಹೋಯಿತು.